ಗುಬ್ಬಿ ಬರತದ ನೋಡು

ಅಲುಗಿತು, ಥೂ, ಮತ್ತೆ ಅಲುಗಿತು — ಕಪ್ಪು ಬಟ್ಟೆಯೊಳಗೆ ಮುಖ ಹುದುಗಿಸಿಕೊಂಡ ಮಲ್ಕಪ್ಪನ ಕಣ್ಣೆದುರು, ಕ್ಯಾಮೆರಾದ ಬೆನ್ನಿಗಿದ್ದ ಮಸುಕು ಗಾಜಿನ ಮೇಲೆ, ಇಡೀ ಹುಣಸೆಮರ ತಲೆಕೆಳಗಾಗಿ ತೂಗುತ್ತಿತ್ತು, ತಲೆಕೆಳಗಾದ ಗೂಡು, ತಲೆಕೆಳಗಾದ ಕೊಕ್ಕರೆ, ಅದರ ಹಳದಿ ಕೊಕ್ಕಿನ ಕೆಳಗೆ, ಅಲ್ಲ ಮೇಲೆ, ಬಾಯಿ ತೆರೆದ ಮರಿಗಳು, ಗಾಳಿ ಬಂದರೆ ಎಲ್ಲವೂ ಕಲಕಿದ ಕೆರೆಯ ನೀರಾಗುತ್ತದೆ, ಗಾಳಿ ನಿಂತು ಇನ್ನೇನು ತಿಳಿಯಾಯಿತು ಅನ್ನುವಾಗ ಇವನ ಎದೆಬಡಿತವೇ ಕೊಂಬೆಯೊಳಗೆ ಇಳಿದು ಮತ್ತೆ ಕದಡುತ್ತದೆ. ಕಮಲಾಪುರದ ಕೆರೆ ದಂಡೆಯ ಈ ಮಾವಿನ ಮರದಲ್ಲಿ ಬೆಳಗಿನಿಂದ ಮಂಗನ ಹಾಗೆ ಕೂತಿದ್ದಾನೆ, ಎದುರು ಹುಣಸೆಯ ತುದಿಯಲ್ಲಿರುವ ಕೊಕ್ಕರೆಗಳಿಗೆ ಇವನ ಗೊಡವೆಯೇ ಇಲ್ಲ, ಕ್ಯಾಮೆರಾದ ಮೂರು ಕಾಲುಗಳಲ್ಲಿ ಎರಡನ್ನು ಬಾಳೆನಾರಿನ ಹಗ್ಗದಿಂದ ಕೊಂಬೆಗೆ ಬಿಗಿದದ್ದಾಯಿತು, ಮೂರನೆಯದಕ್ಕೆ ನಿಲ್ಲಲು ಜಾಗವಿಲ್ಲದೆ ಕವಲಿನಲ್ಲಿ ಜೋಳದ ಚೀಲವಿಟ್ಟು ಅದರ ಮೇಲೆ ಊರಿದ್ದಾಯಿತು, ಕಾಲುಗಳ ನಡುವೆ ಒಂದು ಭಾರದ ಕಲ್ಲನ್ನು ತೂಗುಬಿಟ್ಟದ್ದಾಯಿತು, ಅದೂ ಸಾಲದೆಂದು ಕೊಂಬೆಗೇ ಹಗ್ಗ ಹಾಕಿ ಕೆಳಗೆ ನಿಂತ ನಬಿಸಾಬನ ಕೈಗೆ ಕೊಟ್ಟದ್ದಾಯಿತು, ಕೆಂಪು ಬಾಳೆಯ ತೋಟದ ಕೆಲಸ ಬಿಟ್ಟು ಬಂದ ಆ ಮುದುಕ ಹಗ್ಗ ಜಗ್ಗಿ ಜಗ್ಗಿ ಸೋತು ಗೊಣಗುತ್ತಿದ್ದಾನೆ, ಕೊಂಬಿ ಹಿಡಿ ಅಂದ್ರಿ ಹಿಡದೀನಿ ಮಲ್ಕಪ್ಪಣ್ಣ, ಗಾಳಿಗಿ ಎಲ್ಲಿ ಹಗ್ಗ ಕಟ್ಟಲಿ ಹೇಳ್ರಿ, ಹವಾ ಯಾರ ಮಾತು ಕೇಳ್ತದ. ಯಾರ ಮಾತೂ ಕೇಳುವುದಿಲ್ಲ, ಸಾಹೇಬರ ಮಾತನ್ನೂ ಕೇಳುವುದಿಲ್ಲ, ಶಿಕಾರಿ ಸಾಕಾಗಿ ಫೋಟೊ ಹುಚ್ಚು ಹಿಡಿಸಿಕೊಂಡ ಸಾಹೇಬರು ಕಲಬುರಗಿಯ ಬಂಗಲೆಯಲ್ಲಿ ಕಾಲು ಚಾಚಿ ಕೂತು, ಮರಿಗೆ ಗುಟುಕು ಕೊಡುವ ಕೊಕ್ಕರೆ ಬೇಕು ಮಲ್ಕಪ್ಪ, ರೆಕ್ಕೆಯ ಗರಿ ಗರಿ ಕಾಣಬೇಕು ಎಂದರು, ಗಾಜಿನ ಪ್ಲೇಟುಗಳ ಡಬ್ಬಿಯನ್ನು ಇವನ ಕೈಗಿತ್ತರು, ಆಗಲ್ಲ ಅನ್ನುವ ನಾಲಗೆ ನಿಜಾಮರ ಸೀಮೆಯಲ್ಲಿ ಯಾರಿಗಿದೆ, ಹೌದ್ರಿ ಹುಜೂರ್ ಎಂದು ಬಂದ, ಈಗ ಡಬ್ಬಿಯಲ್ಲಿ ಉಳಿದದ್ದು ಒಂದೇ ಪ್ಲೇಟು. ಉಳಿದವೆಲ್ಲ ಅಲುಗಿ ಹಾಳಾದವು.

ಒಂದೇ ಪ್ಲೇಟು, ಅದನ್ನು ಮನೆಗೆ ಒಯ್ದರೆ ಹೇಗೆ — ಈ ಯೋಚನೆ ಹೊಸದಲ್ಲ, ನಿನ್ನೆ ಬಂಡಿ ಹತ್ತಿದಾಗಿನಿಂದ ಬೆನ್ನು ಹತ್ತಿದೆ, ಓಣಿಯ ತುದಿಯವರೆಗೂ ಹಿಂದಿನಿಂದ ಬಂದ ಹೆಂಡತಿ ರೇವಮ್ಮನ ಹಾಗೆ, ಹೆಗಲ ಮೇಲೆ ಕೂಸು, ಕೂಸಿನ ಕೆನ್ನೆ ಕಾದ ಹಂಚು, ಹಲ್ಲು ಬರೂ ಜ್ವರಾ ಅದ ಬಿಡು ಎಂದು ಇವನೇ ಹೇಳಿದ್ದ, ಅವಳು, ಜ್ವರಾ ಯಾವುದರ ಇರಲಿ, ಹೋಗೂಕಿಂತ ಮೊದ್ಲ ನನ್ನ ಚಂದ್ರಾಮಂದು ಒಂದು ಫೋಟೋ ತಗದು ಹೋಗು, ಊರ ಮಂದಿ ಮಕ್ಕಳದೆಲ್ಲಾ ತಗೀತಿ, ನಿನ್ನ ಕೂಸಿಂದು ಯಾಕ ತಗ್ಯಂಗಿಲ್ಲ, ಒಂದರದ್ದು ಹೆಂಗಾತು ನೋಡೀದಿ, ಇದರದ್ದರೆ ಮುಖಾ ನನಗ ಇರಲಿ. ಇವನಿಗೆ ರೇಗಿತು, ಬಾಯಾಗ ಒಳ್ಳೆ ಮಾತು ಬರಂಗಿಲ್ಲೇನು ನಿನಗ, ಜ್ವರದಾಗಿನ ಕೂಸಿಂದು ಫೋಟೋ ತಗೀಬಾರದು, ಆರಾಮ ಆಗಲಿ, ಎದ್ದು ಕುಂದರಲಿ, ಆಮ್ಯಾಲ ತಗೀತೀನಿ. ಕುಂದರತಾನಲ್ಲ, ನಿನ್ನೆ ಮೊನ್ನೆ ಕುಂದರಾಕತ್ಯಾನ, ನೀ ನೋಡೇ ಇಲ್ಲ ಎಂದಳು, ನೋಡಿದ್ದ, ಸುತ್ತ ದಿಂಬು ಇಟ್ಟು ನಡುವೆ ಕೂರಿಸಿದರೆ ಚಂದ್ರಾಮ ರಾಜನ ಹಾಗೆ ಕೂತು, ತಾನೇ ಕೂತೆ ಎಂದು ನಕ್ಕು, ನಕ್ಕ ರಭಸಕ್ಕೇ ಪಕ್ಕಕ್ಕೆ ವಾಲಿ ದಿಂಬಿನ ಮೇಲೆ ಬೀಳುತ್ತಿದ್ದ, ದಿಂಬು ತೆಗೆದರೆ ಒಂದು ಗಳಿಗೆ ನಿಲ್ಲನು. ಆದರೂ ಬಂಡಿ ಹೊಡಿ ಎಂದ, ಮೂರು ಕಾಲಿನ ಸ್ಟ್ಯಾಂಡು ತೊಡೆಯ ಮೇಲೆ, ಹಿಂದಿರುಗಿ ನೋಡಲಿಲ್ಲ.

ಯಾಕೆ ತೆಗೆಯಲಿಲ್ಲ ಎಂದರೆ, ಯಾರಿಗೆ ಹೇಳಬೇಕು, ಕಾಯಿಲೆ ಬಿದ್ದವರ ಮನೆಗೆ ಮಲ್ಕಪ್ಪ ಕ್ಯಾಮೆರಾ ಹೊತ್ತು ಹೋದನೆಂದರೆ ಕಲಬುರಗಿಯಲ್ಲಿ ಅದರ ಅರ್ಥ ಒಂದೇ, ಕೋಟೆಯ ಕಡೆಯ ಓಣಿಯಿಂದ ಅವನು ಸ್ಟ್ಯಾಂಡು ಹೆಗಲಿಗಿಟ್ಟು ಹೊರಟರೆ ಹೆಂಗಸರು ಹೊಸ್ತಿಲಲ್ಲೇ ನಿಂತು ಯಾರ ಮನಿಗೆವ್ವಾ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ, ಬದುಕಿರುವಾಗ ಕರೆಯುವವರು ಅಪರೂಪ, ಫೋಟೊ ತೆಗೆದರೆ ಆಯುಷ್ಯ ಕಡಿಮೆಯಂತೆ, ಉಸಿರು ನಿಂತ ಮೇಲೆ ಓಡಿಬಂದು ಕರೆಯುತ್ತಾರೆ. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲವಲ್ಲ, ಪಡಸಾಲೆಯ ಗೋಡೆಗೆ ಕೂರಿಸುತ್ತಾರೆ, ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ, ತಲೆ ಜೋಲದಂತೆ ಹಣೆಗೊಂದು ಬಟ್ಟೆ ಕಟ್ಟಿ ಆ ಬಟ್ಟೆಯ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿಯುತ್ತಾರೆ, ಬೆನ್ನಿಗೆ ಹಲಗೆ, ಮೊಣಕಾಲಿನ ಪಕ್ಕಕ್ಕೆ ಇಟ್ಟಂಗಿ, ಎರಡು ಕೈ ಜೋಡಿಸಿ ತೊಡೆಯ ಮೇಲೆ, ಸುತ್ತ ಭಜನೆಯವರ ತಾಳ, ಗೋಳು, ಊದುಬತ್ತಿಯ ಹೊಗೆ, ಆ ಹೊಗೆಯೊಂದೇ ಅಲುಗುವುದು, ಕೂತವರು ಅಲುಗುವುದಿಲ್ಲ, ಇವನು ಮುಂದೆ ಮೂರು ಕಾಲು ಊರಿ ಕ್ಯಾಮೆರಾದ ಬಾಯಿಯ ಟೋಪಿ ತೆಗೆದು ನಿಧಾನಕ್ಕೆ, ಅವಸರವೇ ಇಲ್ಲದೆ, ಮನಸ್ಸಿಗೆ ಬಂದಷ್ಟು ಹೊತ್ತು ನಿಂತು ಮತ್ತೆ ಮುಚ್ಚುತ್ತಾನೆ, ರೆಪ್ಪೆಯ ಕೂದಲು ಕೂಡ ಎಣಿಸಬಹುದು ಹಾಗೆ ಬರುತ್ತವೆ ಆ ಪ್ಲೇಟುಗಳು. ಮಲ್ಕಪ್ಪ ತಗದ್ರ ಹೆಣಾನೂ ಎದ್ದು ಮಾತಾಡೂವಂಗ ಇರತದ ನೋಡು ಎಂದು ಊರವರು ಹೊಗಳುವುದು, ಹೊಗಳಿದವರ ಬಾಯಿಗೆ ಮಣ್ಣು ಹಾಕಬೇಕೆನಿಸುವುದು, ಆದರೂ ನಮಸ್ಕಾರ್ರಿ ಎಂದು ನಗುವುದು. ಬದುಕಿದ್ದ ಒಂದೇ ಒಂದು ಮುಖವನ್ನು ಅಷ್ಟು ಚೆಂದ ಇವನು ಹಿಡಿದಿಲ್ಲ, ಒಂದೇ ಒಂದು. ದುಂಡಿಯ ಮುಖವನ್ನೂ.

ಮಗಳಿಗೆ ದುಂಡಮ್ಮ ಎಂದು ಇವನ ಅವ್ವನ ಹೆಸರಿಟ್ಟದ್ದು, ಕರೆಯುವುದು ದುಂಡಿ, ಹಠಮಾರಿ, ಕಾಲ್ಗೆಜ್ಜೆ ಹಾಕಿದರೆ ಮನೆಯೆಲ್ಲ ಝಲ್ಲೆನಿಸುವವಳು, ಒಂದು ದಿನ ಫೋಟೊಗೆಂದು ಕುರ್ಚಿಯ ಮೇಲೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟು ತಲೆ ಅಲುಗದಂತೆ ಹಿಂದೆ ಕಬ್ಬಿಣದ ಕೋಲಿನ ಆಸರೆ ಇಟ್ಟಿದ್ದ, ಕೋಲು ಚುಚ್ಚತದ ಎಂದು ಅತ್ತಳು, ಆಗ ಹೈದರಾಬಾದಿನ ಉಸ್ತಾದರು ಕಲಿಸಿದ ಮಾತು ನೆನಪಾಯಿತು, ಮಕ್ಕಳು ಕದಲಿದರೆ ಹೀಗೆ ಹೇಳಬೇಕು ಮಲ್ಕಪ್ಪ, ದೇಖೋ ಬೇಟಾ, ಇಸ್ಮೇಸೆ ಚಿಡಿಯಾ ನಿಕಲ್ತಿ, ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತವೆ, ಅಷ್ಟರಲ್ಲಿ ನಿನ್ನ ಕೆಲಸ ಮುಗಿಸು. ಇವನು ಹೇಳಿದ, ಅಳಬ್ಯಾಡ ದುಂಡಿ, ಈ ಡಬ್ಬಿಯೊಳಗಿಂದ ಗುಬ್ಬಿ ಬರತದ ನೋಡು. ಅಳು ನಿಂತಿತು. ಖರೇನಾ ಅಪ್ಪಾ. ಖರೇ. ಟೋಪಿ ತೆಗೆದ, ಬೇರೆಯವರ ಮಕ್ಕಳು ನೋಡುತ್ತ ಕೂರುತ್ತವೆ, ಇವನ ಮಗಳು ಹಾಗಲ್ಲ, ಗುಬ್ಬಿ ಬಂದರೆ ಹಿಡಿಯಬೇಕಲ್ಲ, ಇಡೀ ಮೈ ಮುಂದೆ ಹಾಕಿ ಬಲಗೈ ಚಾಚಿದಳು. ಪ್ಲೇಟು ತೊಳೆದು ಕಾಗದಕ್ಕೆ ಇಳಿಸಿದಾಗ ಕುರ್ಚಿ ಸ್ಪಷ್ಟ, ದಿಂಬಿನ ಹೂವು ಸ್ಪಷ್ಟ, ಕಬ್ಬಿಣದ ಕೋಲಂತೂ ಕಡೆದಿಟ್ಟ ಹಾಗೆ, ಅದರ ಮುಂದೆ ಮುಖವಿರಬೇಕಾದಲ್ಲಿ ಒಂದು ಬಿಳಿ ಹೊಗೆ, ಹೊಗೆಯಿಂದ ಹೊರಬಂದ ಒಂದು ಕೈ, ಬೆಳ್ಳಗೆ ಕದಡಿದ ಕೈ, ಐದು ಬೆರಳು ಹತ್ತಾಗಿ ರೆಕ್ಕೆಯ ಹಾಗೆ. ನಾಳೆ ಇನ್ನೊಂದು ತೆಗೆದರಾಯಿತು ಎಂದುಕೊಂಡ, ಹೌದು, ನಾಳೆ, ನಾಳೆಗೇನು ಬರ. ಆ ವಾರ ಓಣಿಯಲ್ಲಿ ಇಲಿ ಬಿದ್ದವು, ಪ್ಲೇಗು ಪ್ಲೇಗು ಎಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ನಂದೂರ ಕಡೆಯ ಹೊಲಗಳಿಗೆ ಓಡಿತು, ಕ್ಯಾಮೆರಾ ಬೀಗ ಹಾಕಿದ ಮನೆಯಲ್ಲಿ ಉಳಿಯಿತು, ಜೋಳದ ಕಣಕಿಯ, ಬರೀ ಒಣದಂಟಿನ ಗುಡಿಸಲಲ್ಲಿ ದುಂಡಿಯ ಕಂಕುಳಲ್ಲಿ ಗಂಟು ಎದ್ದಿತು, ಜ್ವರದಲ್ಲಿ ಕೂಡ ಕೇಳುತ್ತಿದ್ದಳು, ಅಪ್ಪಾ ಗುಬ್ಬಿ ಎಲ್ಲಿ, ಎಲ್ಲಿ ಹೋತು, ಮನ್ಯಾಗ ಅದ ಮಗಳ, ಡಬ್ಬ್ಯಾಗ ಅದ ಎಂದ, ಉಪಾಸ ಇರತದಲ್ಲಪ್ಪಾ ಎಂದಳು, ಅದೇ ಕೊನೆ. ಅವಳನ್ನು ಕೂರಿಸಲಿಲ್ಲ, ಭಜನೆಯಿಲ್ಲ, ಪ್ಲೇಗಿನ ಹೆಣಕ್ಕೆ ಯಾರು ಬರುತ್ತಾರೆ, ಕೂರಿಸೋಣವೆಂದರೆ ಗುಡಿಸಲಿಗೆ ಒಂದು ಗೋಡೆ ಕೂಡ ಇರಲಿಲ್ಲ.

ಮೂರು ಕಾಲಿನ ಪೀಡಿ ಅಲುಗ್ಯಾಡಿತು, ಅದಕ್ಕ ನನ್ನ ಮಗಳ ಮುಖಾ ಹೋತು — ರೇವಮ್ಮ ಹೀಗೆಂದೇ ನಂಬಿದ್ದಾಳೆ, ಆ ಫೋಟೊ ಎದೆಗೊತ್ತಿಕೊಂಡು ಬೆಳಕಿಗೆ ಹಿಡಿದು, ಇಲ್ಲಿ ಮೂಗದ ನೋಡು, ಇದು ಆಕಿ ನಗು ಹೌದಲ್ಲ ಎಂದು ಹೊಗೆಯಲ್ಲಿ ಹುಡುಕುತ್ತಾಳೆ, ಅಂದಿನಿಂದ ಇವನೂ ಹಗ್ಗ, ಚೀಲ, ಕಲ್ಲು, ಮೊಳೆ ಎಂದು ಸ್ಟ್ಯಾಂಡಿಗೆ ಆಸರೆಯ ಮೇಲೆ ಆಸರೆ ಕೊಡುತ್ತ ಬಂದಿದ್ದಾನೆ, ಅವಳೆದುರು ಸ್ಟ್ಯಾಂಡಿನ ಮೇಲೆ ತಪ್ಪು ಹೊರಿಸಿದ್ದಾನೆ, ಸ್ಟ್ಯಾಂಡು ಅಲುಗಿದ್ದರೆ ಕುರ್ಚಿಯೂ ಅಲುಗುತ್ತಿತ್ತು ರೇವಮ್ಮ, ಸ್ಟ್ಯಾಂಡು ನಿಂತಿತ್ತು, ಮಗಳು ಅಲುಗಿದಳು, ಜೀವ ಇತ್ತಲ್ಲ, ಅದಕ್ಕೆ ಅಲುಗಿದಳು, ಇಷ್ಟನ್ನು ಹೇಳಲು ಬಾಯಿ ಬಂದಿಲ್ಲ. ಬೇಡ, ಈ ಪ್ಲೇಟು ಕೊಕ್ಕರೆಗೆ ಬೇಡ, ಸಾಹೇಬರು ಬೈದರೆ ಬೈಯಲಿ, ಊರಿಂದ ಓಡಿಸಿದರೆ ಓಡಿಸಲಿ, ಈಗಲೇ ಇಳಿಯುತ್ತೇನೆ, ರಾತ್ರಿ ಬಂಡಿ ಹಿಡಿದರೆ ಬೆಳಗಾಗುವುದರೊಳಗೆ ಮನೆ, ಚಂದ್ರಾಮನನ್ನು ದಿಂಬಿನ ನಡುವೆ ಕೂರಿಸಿ, ಜ್ವರ ಇರಲಿ ಬಿಡಲಿ, ಅಳಲಿ ನಗಲಿ ವಾಲಲಿ, ಅಲುಗಿದರೂ ಅಲುಗಲಿ, ತೆಗೆಯುತ್ತೇನೆ, ಗುಬ್ಬಿಯ ಸುಳ್ಳು ಮಾತ್ರ ಹೇಳುವುದಿಲ್ಲ. ಹೀಗೆಂದು ಹಗ್ಗದ ಗಂಟಿಗೆ ಕೈ ಹಾಕಿದ್ದೇ ತಡ — ಗಾಳಿ ನಿಂತಿತು. ಎಲೆ ಅಲ್ಲಾಡದು. ಮಲ್ಕಪ್ಪಣ್ಣ, ಅಬ್ ದೇಖೋ, ಹವಾ ನಿಂತದ, ಹೊಡೀರಿ ಹೊಡೀರಿ, ಕೆಳಗಿನಿಂದ ನಬಿಸಾಬ, ಎದುರಿನ ಕೊಕ್ಕರೆ ಬಿಸಿಲಿಗೆ ಅಡ್ಡ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಮಾಡಿ ಗೊಂಬೆಯ ಹಾಗೆ ನಿಂತಿದೆ, ಗರಿ ಗರಿ ಕಾಣುತ್ತಿದೆ, ಇಂಥದ್ದು ಇನ್ನು ಸಿಗುವುದಿಲ್ಲ, ಇವನ ಕೈಗಳು ಇವನನ್ನು ಕೇಳದೆಯೇ ಪ್ಲೇಟನ್ನು ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸಿದವು, ಮುಚ್ಚಳದ ಪಟ್ಟಿ ಎಳೆದವು, ಹಾಳು ಕೈಗಳು, ಕೆಲಸ ಕಲಿತ ಕೈಗಳು, ಬಟ್ಟೆಯಿಂದ ತಲೆ ಹೊರಗೆ ಹಾಕಿ ಉಸಿರು ಬಿಗಿಹಿಡಿದ, ಬೆರಳು ಟೋಪಿಯ ಮೇಲೆ ಬಂತು, ಎಳೆದರೆ ಕೊಕ್ಕರೆ, ಬಿಟ್ಟರೆ ಚಂದ್ರಾಮ, ಎಳೆಯಲೋ ಬಿಡಲೋ.

ಕೊಕ್ಕರೆಯ ಹಿಂದೆ, ಕೆರೆಯ ಏರಿಯ ಮೇಲೆ ಒಬ್ಬ ಮನುಷ್ಯ ಬರುತ್ತಿದ್ದಾನೆ, ಸಾಹೇಬರ ಜವಾನನೋ ಏನೋ, ಕುದುರೆ ಹಿಡಿದುಕೊಂಡು ನಡೆಸುತ್ತಿದ್ದಾನೆ, ಕುದುರೆ ಬೆವತು ನೊರೆ ಬಿಟ್ಟಿದೆ, ನಡಿಗೆ ಗೊತ್ತಿರುವ ನಡಿಗೆ, ಭಾಗಪ್ಪನಂತೆ ಇದ್ದಾನೆ, ರೇವಮ್ಮನ ತಮ್ಮ ಭಾಗಪ್ಪ, ಆದರೆ ಭಾಗಪ್ಪನಲ್ಲ, ಭಾಗಪ್ಪ ರುಮಾಲು ಇಲ್ಲದೆ ಹೊಸ್ತಿಲು ದಾಟುವವನಲ್ಲ, ಊಟಕ್ಕೆ ಕೂತರೂ ಸುತ್ತಿದ ರುಮಾಲು ಸುತ್ತಿದ ಹಾಗೇ ಇರಬೇಕು, ಅಕ್ಕನೇ ಎಷ್ಟು ಸಲ ನಕ್ಕಿದ್ದಾಳೆ, ನನ ತಮ್ಮ ಹುಟ್ಟುವಾಗ ರುಮಾಲು ಸುತಗೊಂಡೇ ಹುಟ್ಯಾನ ಎಂದು, ಇವನ ತಲೆ ಬರಿದು, ಬಿಸಿಲಲ್ಲಿ ಬರಿದು, ಸಾವಿನ ಮನೆಯಿಂದ ಬಂದವರ ಹಾಗೆ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದಾನೆ — ಭಾಗಪ್ಪನೇ. ಮಲ್ಕಪ್ಪನ ಎದೆ ಧಸಕ್ಕೆಂದಿತು, ಕೊಂಬೆ ಅಲುಗಿತು, ಕೊಕ್ಕರೆ ಹಾರಿಹೋಯಿತು, ಹೋಗಲಿ, ಟೋಪಿ ಇದ್ದಲ್ಲೇ ಇದೆ, ಪ್ಲೇಟು ಉಳಿಯಿತು, ಭಾಗಪ್ಪ ಮರದ ಬುಡಕ್ಕೆ ಬಂದು ನಿಂತು ಮೇಲೆ ನೋಡಲಾರದೆ ನೆಲ ನೋಡುತ್ತ, ಇಳೀರಿ ಮಾಮಾ ಎಂದ, ನಬಿಸಾಬ ಹಗ್ಗ ಬಿಟ್ಟು ಏನಾತು ಏನಾತಪ್ಪಾ ಎಂದ, ಭಾಗಪ್ಪ ಮತ್ತೆ, ಇಳೀರಿ ಮಾಮಾ, ಅಕ್ಕ ಹೇಳ್ಯಾಳ, ಕ್ಯಾಮೆರಾ ಮರೀದಂಗ ತಗೊಂಡು ಬಾ ಅಂತ.

ಕ್ಯಾಮೆರಾ ಮರೆಯದ ಹಾಗೆ, ಹೌದು, ಮರೆಯಬಾರದು, ಒಂದೇ ಪ್ಲೇಟು ಇದೆ, ಸಾಕು, ಅಂಥದ್ದಕ್ಕೆ ಎರಡನೆಯದು ಎಂದೂ ಬೇಕಾಗಿಲ್ಲ, ಚೀಲ ಬೇಕಾಗಿಲ್ಲ, ಕಲ್ಲು ಬೇಕಾಗಿಲ್ಲ, ಪಡಸಾಲೆಯ ಮೂಡಣ ಗೋಡೆಗೆ ಬಾಗಿಲಿನ ಬೆಳಕು ಚೆನ್ನಾಗಿ ಬೀಳುತ್ತದೆ, ಆ ಗೋಡೆಯಲ್ಲಿ ಗೂಟವಿದೆ, ಆದರೆ ಎತ್ತರದಲ್ಲಿದೆ, ಕೂಸಿನ ಹಣೆಗೆ ನಿಲುಕದು, ಕೆಳಗೊಂದು ಮೊಳೆ ಹೊಡೆದಿರುತ್ತಾರೆ, ಮೊಳೆ ಹೊಡೆದವರು ಯಾರೋ, ಅಯ್ಯೋ ಶಿವನೇ, ನಾನೇನು ಯೋಚಿಸುತ್ತಿದ್ದೇನೆ, ಚಂದ್ರಾಮ ಈಗ ಕೂತಿದ್ದಾನೆ, ದಿಂಬು ಇಲ್ಲದೆ ಒಂದು ಗಳಿಗೆ ನಿಲ್ಲದವನು ನೆಟ್ಟಗೆ ಕೂತಿದ್ದಾನೆ, ವಾಲುವುದಿಲ್ಲ, ನಗುವುದಿಲ್ಲ, ಇವನು ಮೂರು ಕಾಲು ಊರಿ ಟೋಪಿ ತೆಗೆದರೆ ಈ ಸಲ ಮುಖ ಬರುತ್ತದೆ ರೇವಮ್ಮ, ಕೂದಲು ಕೂದಲು ಬರುತ್ತದೆ, ನೀನು ಹುಡುಕಬೇಕಾಗಿಲ್ಲ, ಕೂಸು ಅಲುಗುವುದಿಲ್ಲ, ಎರಡು ಕೈಯನ್ನೂ ಯಾರೋ ಜೋಡಿಸಿ ತೊಡೆಯ ಮೇಲೆ ಇಟ್ಟಿರುತ್ತಾರೆ, ಇಟ್ಟಲ್ಲೇ ಇರುತ್ತವೆ, ಏನು ಹೇಳಿದರೂ ಮೇಲೇಳುವುದಿಲ್ಲ, ಗುಬ್ಬಿ ಬರತದ ನೋಡು ಅಂದರೂ ಇಲ್ಲ — ಹಗ್ಗದ ಗಂಟು ಬಿಚ್ಚುತ್ತಿಲ್ಲ, ಕೆಳಗೆ ಭಾಗಪ್ಪ ಮಾಮಾ ಮಾಮಾ ಎನ್ನುತ್ತಿದ್ದಾನೆ, ಮಸುಕು ಗಾಜು, ಬಿಳಿ ಹೊಗೆ, ಹೊಗೆಯಿಂದ ಹೊರಬಂದ ಕೈ, ದುಂಡಿಯ ಕೈ, ಐದು ಬೆರಳು ಹತ್ತಾದ ಕೈ, ಗುಬ್ಬಿಗೆಂದು ಚಾಚಿದ ಕೈ, ಚಾಚಿದ ಕೈ —