ಕಡೀಕ ಏನಾತ್ರಿ?

ಮೂವತ್ತೊಂದು ವರ್ಷದಿಂದ ಜಮಖಂಡಿಯ ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದೇನೆ. ಹೊಟ್ಟೆಪಾಡಿಗೆ ಬನಹಟ್ಟಿಯಲ್ಲಿ ನೂಲಿನ ಅಂಗಡಿ ಇದೆ. ವಿಮರ್ಶೆ ಎಂಬುದು ಚಟ. ಬೇರೆಯವರು ಚಿತ್ರಗಳಿಗೆ ನಕ್ಷತ್ರ ಕೊಟ್ಟರೆ ನಾನು ಕಂಡಿಕೆ ಕೊಡುತ್ತೇನೆ, ಮಗ್ಗದ ಲಾಳಿಯೊಳಗೆ ಕೂರುತ್ತದಲ್ಲ, ಆ ನೂಲು ಸುತ್ತಿದ ಕಂಡಿಕೆ. ಐದಕ್ಕೆ ಐದು ಯಾರಿಗೂ ಕೊಟ್ಟವನಲ್ಲ. ಒಮ್ಮೆ ದೊಡ್ಡ ನಟನೊಬ್ಬನ ಚಿತ್ರಕ್ಕೆ ಅರ್ಧ ಕಂಡಿಕೆ ಕೊಟ್ಟಿದ್ದಕ್ಕೆ ಅವನ ಅಭಿಮಾನಿಗಳು ಅಂಗಡಿಗೇ ಬಂದು ಕೂಗಾಡಿದರು. ಅವರಲ್ಲಿ ಇಬ್ಬರು ಮಗ್ಗದವರು. ಕೂಗಾಡಿ ದಣಿದ ಮೇಲೆ ನೂಲಿನ ಗಂಟು ಹೊತ್ತುಕೊಂಡು ಹೋದರು.

"ಪಾಯಪ್ಪನವರ ಪೆನ್ನು ಬ್ಯಾಸಗ್ಯಾಗ ಖಾರ, ಚಳಿಗಾಲದಾಗ ಮೆತ್ತಗ" ಎಂದು ಸಂಪಾದಕ ಶಿವಯೋಗೆಪ್ಪ ಚೇಷ್ಟೆ ಮಾಡುತ್ತಾನೆ. ಅದರ ಗುಟ್ಟು ಅವನಿಗೂ ಗೊತ್ತಿಲ್ಲ. ಚಳಿಗಾಲದ ಚಿತ್ರಗಳ ಕೊನೆಯನ್ನು ನಾನು ನೋಡಿಯೇ ಇರುವುದಿಲ್ಲ. ನೋಡದ ಕೊನೆಯ ಮೇಲೆ ಸಿಟ್ಟು ಬರುವುದಾದರೂ ಹೇಗೆ?

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹೆಂಡತಿ ಕಮಲಾಬಾಯಿ ಈ ವಿಷಯದಲ್ಲಿ ನನಗಿಂತ ಗಟ್ಟಿ. ಅದರ ಮೇಲೆ ಗಂಡ ಬಾರದೆ ತಾಟಿಗೆ ಕೈ ಹಾಕುವವಳಲ್ಲ. ಮ್ಯಾಟಿನಿ ಮೂರಕ್ಕೆ ಶುರುವಾಗಿ ಆರಕ್ಕೆ ಮುಗಿಯುತ್ತದೆ. ಬೇಸಿಗೆಯಲ್ಲಿ ಆರೂಮುಕ್ಕಾಲಿನವರೆಗೂ ಬೆಳಕಿರುತ್ತದೆ, ಚಿಂತೆಯಿಲ್ಲ. ಚಳಿಗಾಲದಲ್ಲಿ ಆರಕ್ಕೆಲ್ಲ ಸೂರ್ಯ ಮನೆಗೆ ಹೋಗಿರುತ್ತಾನೆ. ನಾನು ತಡ ಮಾಡಿದರೆ ಅವಳು ಮರುದಿನ ಬೆಳಗಿನತನಕ ಉಪವಾಸ. ಹೀಗಾಗಿ ಬನಹಟ್ಟಿಯ ಟಾಕೀಸಿನಲ್ಲಾದರೆ ಕೊನೆಯ ಇಪ್ಪತ್ತು ನಿಮಿಷ ಬಿಟ್ಟು ಏಳುತ್ತಿದ್ದೆ. ಜಮಖಂಡಿಯಲ್ಲಿ ಬಸ್ಸಿನ ದಾರಿಯೂ ಸೇರಿ ಒಂದು ತಾಸು. ಮುಧೋಳದಲ್ಲಿ ಇಂಟರ್‌ವಲ್ಲಿಗೆ ಕೊಂಡ ಶೇಂಗಾ ಮುಗಿಯುವುದರೊಳಗೆ ಬಾಗಿಲು ದಾಟಿರುತ್ತಿದ್ದೆ. ಬೀಳಗಿಯಲ್ಲಿ ನೋಡಿದ ಚಿತ್ರಗಳಲ್ಲಿ ನಾಯಕಿ ಯಾರೆಂಬುದೇ ಎಷ್ಟೋ ಸಲ ತಿಳಿದಿಲ್ಲ.

ಅರ್ಧಮರ್ಧ ನೋಡಿ ಪೂರ್ತಿ ಬರೆದೆ. ಕೊಲೆ ಮಾಡಿದವನು ಯಾರೆಂದು ಗೊತ್ತಿಲ್ಲದ ಪತ್ತೇದಾರಿ ಚಿತ್ರಕ್ಕೆ "ಗುಟ್ಟು ಬಿಟ್ಟುಕೊಡುವುದು ವಿಮರ್ಶಕನ ಧರ್ಮವಲ್ಲ" ಎಂದು ಬರೆದು ಪಾರಾದೆ. ಬಾಡಗಂಡಿ ಕಡೆಯ ಕಬ್ಬು ಕಡಿಯುವವರ ಮೇಲಿನ ಸಾಕ್ಷ್ಯಚಿತ್ರಕ್ಕೆ "ಕೊನೆಗೆ ನೋಡುಗನನ್ನು ಯೋಚನೆಗೆ ಹಚ್ಚುತ್ತದೆ" ಎಂದೆ. ನನ್ನನ್ನಂತೂ ಹಚ್ಚಿತ್ತು, ಬಸ್ಸು ಸಿಗುತ್ತದೋ ಇಲ್ಲವೋ ಎಂದು. ಏನೂ ಹೊಳೆಯದಿದ್ದಾಗ "ಕೊನೆ ಕೊಂಚ ಸಡಿಲು" ಎಂದು ಬರೆದುಬಿಡುತ್ತಿದ್ದೆ. ನಮ್ಮ ಸಿನಿಮಾಗಳ ಮಟ್ಟಿಗೆ ಅದು ಹತ್ತರಲ್ಲಿ ಒಂಬತ್ತು ಸಲ ನಿಜವೇ ಆಗಿರುತ್ತದೆ. ಒಬ್ಬನೂ ನನ್ನನ್ನು ಹಿಡಿಯಲಿಲ್ಲ.

ಏದುಸಿರು ಬಿಡುತ್ತ ಮನೆಗೆ ಬಂದರೆ ಕಮಲಾ ಎರಡು ತಾಟು ಹಾಕಿಕೊಂಡು ಕೂತಿರುತ್ತಿದ್ದಳು. ಅವಳು ಟಾಕೀಸಿಗೆ ಬರುತ್ತಿರಲಿಲ್ಲ, ಕತ್ತಲೆಯಲ್ಲಿ ಕೂತರೆ ತಲೆ ಸುತ್ತುತ್ತದೆ ಅನ್ನುವಳು. ರೊಟ್ಟಿ ಮುರಿಯುತ್ತ ನಾನು ಕಥೆ ಹೇಳಬೇಕು, ಅವಳು ಕೇಳಬೇಕು. ಕೊನೆಯಲ್ಲಿ ತಪ್ಪದೆ ಒಂದು ಪ್ರಶ್ನೆ: "ಕಡೀಕ ಏನಾತ್ರಿ?" ನೋಡಿಲ್ಲ ಎಂದರೆ, ತನಗಾಗಿ ಎದ್ದು ಬಂದನಲ್ಲ ಎಂದು ನೊಂದುಕೊಂಡಾಳು. ಅದಕ್ಕೇ ಬಾಯಿಗೆ ಬಂದ ಕೊನೆಯೊಂದನ್ನು ಕಟ್ಟಿ ಹೇಳುತ್ತಿದ್ದೆ.

ಅವಳಿಗೆ ಶುಗರ್ ಬಂದ ಮೇಲೆ ನೀನು ಮೊದಲು ಉಂಡುಬಿಡು ಎಂದು ಬೇಡಿಕೊಂಡೆ. "ನೀವು ಬರೂತನಕ ನನಗ ತುತ್ತು ಇಳಿಯಂಗಿಲ್ರಿ" ಅಂದಳು. ಅಂದಿನಿಂದ ಇನ್ನೂ ಹತ್ತು ನಿಮಿಷ ಮೊದಲೇ ಏಳತೊಡಗಿದೆ. ಓಡುವಾಗ ಮನಸ್ಸಿನಲ್ಲೇ ಬೈಯುತ್ತಲೂ ಇದ್ದೆ. ಈಕೆಯ ಒಂದು ರೊಟ್ಟಿಗಾಗಿ ನನ್ನ ವಿಮರ್ಶೆಯ ಮಾನ ಮೂರು ಕಾಸಿಗೆ ಹೋಯಿತು ಎಂದು ಸಿಡಿಮಿಡಿಗೊಳ್ಳುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಅವಳು ತೀರಿಕೊಂಡು ಎರಡು ವರ್ಷವಾಯಿತು. ಗೋಡೆಯ ಮೇಲೆ ಫೋಟೋ ಇದೆ, ದನಿ ಎಲ್ಲಿಯೂ ಇಲ್ಲ. ಮೂರು ದಶಕ ಪರದೆಯ ಮೇಲಿನವರ ದನಿಯನ್ನು ಅಳೆದು ತೂಗಿದವನ ಬಳಿ ಹೆಂಡತಿಯ ಒಂದೇ ಒಂದು ಮಾತೂ ರೆಕಾರ್ಡಾಗಿ ಉಳಿದಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಅವಳ ದನಿಯನ್ನು ನೆನಪಿಸಿಕೊಳ್ಳಲು ಕೂತೆ, ಬರಲಿಲ್ಲ. ಮಾತುಗಳು ಬಂದವು, ದನಿ ಬರಲಿಲ್ಲ. ನೂಲಿನ ಗಂಟುಗಳ ಹಿಂದೆ ಕೂತು ಅತ್ತೆ.

ಆದರೂ ಸಿನಿಮಾದ ನಡುವೆ ಏಳುವುದು ಬಿಡಲಿಲ್ಲ. ಈಗ ನಾನೇ ರೊಟ್ಟಿ ಬಡಿದು ಡಬ್ಬಿ ಕಟ್ಟಿಕೊಂಡು ಹೋಗುತ್ತೇನೆ. ಹೊತ್ತು ಇಳಿಯಿತೆಂದರೆ ಕಾಲುಗಳು ತಾವಾಗಿ ಎದ್ದು ನಿಲ್ಲುತ್ತವೆ.

ಈ ಡಿಸೆಂಬರಿನಲ್ಲಿ ನಮ್ಮ ಓಣಿಯ ಮೇಘಾ ಅಂಗಡಿಗೆ ಬಂದಳು. ಮಗ್ಗದ ಮನೆಯ ಹುಡುಗಿ, ಸಿನಿಮಾ ಕಲಿತು ಬಂದವಳು. 'ಹೊತ್ತು ಮುಳುಗೂ ಮುಂದ' ಎಂಬ ಸಾಕ್ಷ್ಯಚಿತ್ರ ಮಾಡಿದ್ದಳು, ನಮ್ಮ ಊರಿನ ಹೆಂಗಸರ ಸಂಜೆಗಳ ಮೇಲೆ. ಮೂರು ವರ್ಷ ಮನೆಮನೆ ತಿರುಗಿ ಚಿತ್ರೀಕರಿಸಿದ್ದಳಂತೆ.

"ಕಾಕಾ, ನೀವು ಬರಾಕ ಬೇಕು. ಮತ್ತ ಕಡೀತನಕ ಕುಂಡ್ರಬೇಕ ನೋಡ್ರಿ."

ನನಗೆ ಮೂಗಿನ ಮೇಲೆ ಸಿಟ್ಟು. ನಿನ್ನೆ ಮೊನ್ನೆ ಕ್ಯಾಮರಾ ಹಿಡಿದವಳು ನನಗೆ ಕೂರುವುದನ್ನು ಕಲಿಸುತ್ತಾಳಲ್ಲ! "ನಾ ಎಷ್ಟ ಕುಂಡ್ರಬೇಕಂತ ಪಿಚ್ಚರ ಹೇಳತೈತಿ, ನೀ ಅಲ್ಲ" ಅಂದೆ. ಅವಳು ಏನೋ ಹೇಳಲು ಬಂದು, ನಕ್ಕು, ಆಮಂತ್ರಣ ಪತ್ರಿಕೆ ಕೈಗಿಟ್ಟು ಹೋದಳು.

ಪ್ರದರ್ಶನ ಜಮಖಂಡಿಯ ಒಂದು ಸಭಾಭವನದಲ್ಲಿ, ನಾಲ್ಕೂವರೆಗೆ. ಐದರವರೆಗೆ ಶಾಲು, ಹಾರ, ಭಾಷಣ ನಡೆದವು. ಚಿತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಬ್ಬಳು ಕಂಡಿಕೆ ಸುತ್ತುತ್ತ ತೂಕಡಿಸುತ್ತಾಳೆ, ಬೆರಳು ಮಾತ್ರ ನಿಲ್ಲುವುದಿಲ್ಲ. ಇನ್ನೊಬ್ಬಳು ಮಗ್ಗದ ಸದ್ದಿನಲ್ಲಿ ಮಗಳಿಗೆ ಕೂಗಿ ಕೂಗಿ ಮಗ್ಗಿ ಹೇಳಿಕೊಡುತ್ತಾಳೆ. ಕರೆಂಟು ಹೋಗಿ ಇಡೀ ಓಣಿ ಒಮ್ಮೆಲೇ ಮೌನವಾದಾಗ ಹೆಂಗಸರೆಲ್ಲ ಕಟ್ಟೆಗೆ ಬಂದು, ಏನು ಮಾತಾಡಬೇಕೆಂದು ತಿಳಿಯದೆ ನಿಲ್ಲುತ್ತಾರೆ. ನಾಲ್ಕು ಕಂಡಿಕೆ ಕೊಡಬೇಕು ಅಂದುಕೊಂಡೆ. ಅಷ್ಟರಲ್ಲಿ ಐದೂಮುಕ್ಕಾಲಾಯಿತು. ಎದ್ದೆ. ಹೊರಗಿನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿ ಉಂಡು, ಬಸ್ಸು ಹತ್ತಿದೆ.

ಹುಡುಗಿಯ ಮಾತಿನ ಸಿಟ್ಟು ಇನ್ನೂ ಆರಿರಲಿಲ್ಲ. "ಮೂರು ಕಂಡಿಕೆ" ಎಂದು ಬರೆದೆ. "ನಿರ್ದೇಶಕಿಗೆ ಶುರು ಮಾಡುವುದು ಗೊತ್ತು, ಮುಗಿಸುವುದು ಗೊತ್ತಿಲ್ಲ. ಕೊನೆ ಪೂರಾ ಸಡಿಲು." ಆ ಸಾಲನ್ನು ಎರಡು ಬಾರಿ ಓದಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪತ್ರಿಕೆ ಬಂದ ಮೂರನೆಯ ದಿನ, ನಾನು ತಾಟು ಹಾಕಿಕೊಂಡು ಕೂತಿದ್ದಾಗ ಮೇಘಾ ಬಾಗಿಲಲ್ಲಿ ನಿಂತಳು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ ಕಡಿಮೆ. ಕಂಕುಳಲ್ಲಿ ಲ್ಯಾಪ್‌ಟಾಪ್.

"ಕಾಕಾ, ಮುಧೋಳದಾಗ ತೋರ್ಸಾಕ ಒಪ್ಪಿದ್ರು. ನಿಮ್ಮದು ಓದಿ ಬ್ಯಾಡ ಅಂದ್ರು. ಅದು ಹೋಗ್ಲಿ ಬಿಡ್ರಿ. ನನಗ ಒಂದ ಕೇಳೂದೈತಿ. ನೀವು ಕಡೀಕಿಂದು ನೋಡೀರೇನು?"

"ನೋಡದ ಬರೀತಾರೇನು?"

"ಖರೆ ಹೇಳ್ರಿ. ನೋಡಿದ್ರ ನೀವು ಹಂಗ ಬರೀತಿದ್ದಿಲ್ಲ. ಬರಿಯಾಕ ನಿಮಗ ಆಗ್ತಿದ್ದಿಲ್ಲ."

ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. "ಇಲ್ಲವಾ" ಅಂದೆ. "ಹೊತ್ತು ಮುಳುಗಾಕತ್ತಿತ್ತು. ಎದ್ದು ಬಂದೆ."

"ಹನ್ನೆರಡು ನಿಮಿಷ ಐತಿ. ಊಟ ಮಾಡ್ರಿ, ಆಮ್ಯಾಲ ಹಚ್ಚತೇನಿ."

"ಈಗ ಹಚ್ಚು" ಅಂದೆ. ಅವಳು ತಾಟಿನ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟು ಒಂದು ಗುಂಡಿ ಒತ್ತಿದಳು.

ಪರದೆಯ ಮೇಲೆ ನನ್ನದೇ ಅಡುಗೆಮನೆ. ಹಸಿರು ಸೀರೆ ಉಟ್ಟ ಕಮಲಾ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಾಳೆ. ಒಬ್ಬಳೇ. ಅವಳ ಹಿಂದಿನ ಗಡಿಯಾರದಲ್ಲಿ ಐದು ಗಂಟೆ.

"ಡಾಕ್ಟರ್ ಟೈಮಿಗೆ ತಿನ್ನ ಅಂತ ಹೇಳ್ಯಾರ" ಎಂದಳು. ಅದೇ ದನಿ. ಕೊಂಚ ಒಡೆದ, ಮಾತಿನ ಕೊನೆಗೆ ಮೇಲೇರುವ ದನಿ. ಇಷ್ಟು ದಿನ ಇದನ್ನು ಹೇಗೆ ಮರೆತಿದ್ದೆ? "ಅದಕ್ಕ ಐದಕ್ಕ ಒಂದ ರೊಟ್ಟಿ ತಿಂದಬಿಡತೇನಿ. ಅವರು ಬಂದ ಮ್ಯಾಲ ಮತ್ತ ಅವರ ಜೋಡಿ ಚೂರು ಕೈ ಆಡಸ್ತೇನಿ. ಅವರಿಗೆ ಗೊತ್ತಿಲ್ಲ."

"ಯಾಕ ಹೇಳಿಲ್ಲ ಕಾಕೂ?" ಕ್ಯಾಮರಾ ಹಿಂದಿನಿಂದ ಮೇಘಾಳ ದನಿ.

"ಹೇಳಿದ್ರ ಡಬ್ಬಿ ಕಟ್ಟಿಸ್ಕೊಂಡು ಹೋಗಿ, ಪೂರಾ ಪಿಚ್ಚರ ನೋಡಿ ಆರಾಮ ಬರತಾರ. ಅವರು ಕಡೀಕಿಂದು ನೋಡಂಗಿಲ್ಲ ಅಂತ ನನಗೇನ ಗೊತ್ತಿಲ್ಲೇನು? ಪಾಪ ಅನಸ್ತೈತಿ. ನಾಳೆ ಹೇಳಿಬಿಡೂಣು ಅಂತ ದಿನಾ ಅನ್ಕೋತೇನಿ." ತಲೆ ತಗ್ಗಿಸಿ ತಾಟಿನ ಅಂಚು ಒರೆಸಿದಳು. "ಆದ್ರ ಹೊತ್ತು ಇಳಿಯೂ ಮುಂದ ಅವರು ಓಡಿ ಬರೂ ಸಪ್ಪಳ ಐತೆಲ್ಲ, ಅದನ್ನ ಕಾಯತೇನಿ ನಾನು. ಹೇಳಿದ್ರ ಅದು ನಿಂತು ಹೋಗತೈತಿ."

ಆಮೇಲೆ ತಾಟು ತೊಳೆಯುತ್ತಾಳೆ, ಒರೆಸುತ್ತಾಳೆ, ಕಿಟಕಿಯ ಬಳಿ ಕೂತು ಬೇಳೆ ಆರಿಸುತ್ತಾಳೆ. ಬೆಳಕು ಹಳದಿಯಾಗುತ್ತದೆ. ಹೊರಗೆ ಚಪ್ಪಲಿಯ ಪಟಪಟ. ಕಮಲಾ ಎದ್ದಳು. "ಬಂದ್ರು, ಬಂದ್ರು! ಹಿತ್ತಲ ಬಾಗಲದಿಂದ ಹೋಗವಾ, ಲಗೂನ!" ಚಿತ್ರ ಅಲುಗಾಡಿ ಪರದೆ ಕಪ್ಪಾಯಿತು.

"ಅವತ್ತ ಮೈಕ್ ಚಾಲೂ ಇದ್ದಂಗ ಕಾಕೂನ ಸೆರಗಿನಾಗ ಉಳೀತು" ಎಂದಳು ಮೇಘಾ ಮೆಲ್ಲಗೆ. "ಮರುದಿನ ಬಂದು ಒಯ್ದೆ."

ಕಪ್ಪು ಪರದೆಯಲ್ಲಿ ಎರಡು ತಾಟು ಇಟ್ಟ ಸದ್ದು. ನನ್ನ ಏದುಸಿರು. ನಾನು ಯಾವುದೋ ಕಥೆ ಹೇಳುತ್ತಿದ್ದೇನೆ, ಊರು ಬಿಟ್ಟು ಹೋದ ಅಂಬಿಗನೊಬ್ಬನ ಕಥೆ. ಅವಳು ಹೂಂ, ಹೂಂ ಅನ್ನುತ್ತಾಳೆ. ಆಮೇಲೆ ಅವಳ ಪ್ರಶ್ನೆ.

"ಕಡೀಕ ಏನಾತ್ರಿ?"

"ಏನಾಗೂದೈತಿ? ಅಂವಾ ಮನಿಗೆ ಬಂದ."

ಕಮಲಾ ನಕ್ಕಳು. "ನೀವು ಹೇಳೂ ಎಲ್ಲಾ ಪಿಚ್ಚರದಾಗೂ ಅಂವಾ ಮನಿಗೆ ಬಂದ ಬರತಾನ ನೋಡ್ರಿ."

ಅಲ್ಲಿಗೆ ಚಿತ್ರ ಮುಗಿದಿತ್ತು. ಕಿಟಕಿಯಾಚೆ ಹೊತ್ತು ಮುಳುಗಿತ್ತು, ತಾಟಿನ ರೊಟ್ಟಿ ಹಾಗೇ ಇತ್ತು. ನಾನು ಮೇಘಾಳ ಮುಂದೆ ನಾಚಿಕೆಯಿಲ್ಲದೆ ಅತ್ತೆ. ಅವಳು ನೀರು ತರಲು ಎದ್ದಾಗ "ನೀರೂ ಬ್ಯಾಡವಾ ಇನ್ನ" ಎಂದೆ. "ಇನ್ನೊಮ್ಮೆ ಹಚ್ಚು."

ಮುಂದಿನ ವಾರದ ಅಂಕಣದಲ್ಲಿ ಎಲ್ಲವನ್ನೂ ಬರೆದೆ: ಆ ಚಿತ್ರದ ಕೊನೆಯನ್ನು ನೋಡದೆ ಬರೆದೆನೆಂದು, ಮೂವತ್ತೊಂದು ವರ್ಷದ ಚಳಿಗಾಲಗಳಲ್ಲೆಲ್ಲ ಹೀಗೇ ಬರೆದೆನೆಂದು, ನನ್ನ ಹಳೆಯ ತೀರ್ಪುಗಳನ್ನು ಯಾರೂ ನಂಬಬೇಡಿರೆಂದು. ಮೇಘಾಳ ಚಿತ್ರಕ್ಕೆ ಐದು ಕಂಡಿಕೆ ಕೊಟ್ಟೆ. ಶಿವಯೋಗೆಪ್ಪ ಫೋನು ಮಾಡಿ, ಇದನ್ನು ಖರೇನೇ ಹಾಕಬೇಕೇನು ಎಂದು ಎರಡು ಬಾರಿ ಕೇಳಿ, ಒಂದಕ್ಷರ ತೆಗೆಯದೆ ಹಾಕಿದ. ಮುಧೋಳದವರು ಮತ್ತೆ ದಿನ ಗೊತ್ತು ಮಾಡಿದರು.

ಶುಕ್ರವಾರ ಬನಹಟ್ಟಿಯ ಟಾಕೀಸಿಗೆ ಹೋದೆ. ಡಬ್ಬಿಯನ್ನು ಇಂಟರ್‌ವಲ್ಲಿನಲ್ಲೇ ಉಂಡು ಮುಗಿಸಿದ್ದೆ. ಐದೂ ನಲವತ್ತಕ್ಕೆ ಗೇಟಿನ ಶಿವಾಜಿ ಅಭ್ಯಾಸದಂತೆ ಪಕ್ಕದ ಬಾಗಿಲು ತೆರೆದು ನನ್ನ ಕಡೆ ನೋಡಿದ. ಕಾಲುಗಳು ಎದ್ದವು. ಕೈಯಿಂದ ತೊಡೆ ಒತ್ತಿ ಹಿಡಿದು ಕೂತೆ.

ಕೊನೆ ಖರೆಯೇ ಸಡಿಲಾಗಿತ್ತು. ದೀಪ ಹತ್ತಿ ಜನ ಖಾಲಿಯಾದರು. "ಏನ್ ಸಾವಕಾರ್ರ, ಇವತ್ತ ಕಡೀತನಕ ಕುಂತ್ರಿ?" ಎಂದ ಶಿವಾಜಿ. ಹೂಂ ಎಂದು ಹೊರಗೆ ಬಂದೆ. ಕತ್ತಲಾಗಿತ್ತು. ಈ ಸಲ ಕೊನೆ ಗೊತ್ತಿತ್ತು, ಕಟ್ಟಿ ಹೇಳುವ ಅಗತ್ಯವಿರಲಿಲ್ಲ. ಮನೆಯವರೆಗೆ ನಿಧಾನವಾಗಿ ನಡೆದುಕೊಂಡು ಹೋದೆ.