ಉಸಿರಿದ್ದರೆ ಒಂದು ಮತ

ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಲಂಡನ್ನಿನ ವೈದ್ಯರು ಕೈಚೆಲ್ಲಿ ಕ್ಲೆಮೆಂಟನನ್ನು ಮನೆಗೆ ಕಳಿಸಿದರು. ಲಿಂಕನ್‌ಶೈರಿನ ಆ ಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಅದನ್ನು ನೋಡುತ್ತಲೇ ಗಂಡ ಕಣ್ಣು ಮುಚ್ಚಲಿ ಎನ್ನುವುದೊಂದೇ ಹಿಲ್ಡಾಳ ಆಸೆ. ಆದರೆ ಆಂಬುಲೆನ್ಸ್ ಊರು ದಾಟುವ ಮೊದಲೇ ಪಕ್ಷದ ಸಚೇತಕ ಲಾಂಗ್ಲಿಯ ಫೋನ್ ಬಂತು. ಸಂಸದನಾದ ಕ್ಲೆಮೆಂಟ್ ಗಾಡಿಯನ್ನು ಪಾರ್ಲಿಮೆಂಟಿಗೆ ತಿರುಗಿಸಲು ಹೇಳಿದ. ಚಟ, ಅಷ್ಟು ಬೇಗ ಬಿಡುವುದಿಲ್ಲ.

ಕಾಯಿಲೆಯವರು ಸಭೆಯೊಳಗೆ ಹೋಗಬೇಕಾಗಿಲ್ಲ. ಪಾರ್ಲಿಮೆಂಟಿನ ಅಂಗಳದಲ್ಲಿ, ಗಾಡಿಯೊಳಗೇ ಉಸಿರಾಡುತ್ತಿದ್ದರೆ ಸಾಕು. ಎರಡೂ ಕಡೆಯವರು ಬಂದು, ಸಂತೆಯಲ್ಲಿ ದನದ ಹಲ್ಲು ನೋಡುವಂತೆ ಇಣುಕಿ ನೋಡಿ, ಮತ ಎಣಿಸಿಕೊಂಡು ಹೋಗುತ್ತಾರೆ.

"ಇವತ್ತು ಯಾತಕ್ಕೆ ಮತ?" ಹಿಲ್ಡಾ ಕೇಳಿದಳು.

"ಯುರೋಪಿನ ಒಕ್ಕೂಟ ಬಿಡೋ ವಿಷಯಕ್ಕೆ ಮುಂದಿನ ವಾರ ಮತ ಹಾಕೋಣವಾ ಬೇಡವಾ ಅಂತ, ಮೇಡಂ," ಎಂದ ಅಂಗಳದಲ್ಲಿ ಕಾದು ನಿಂತಿದ್ದ ಲಾಂಗ್ಲಿ.

"ಮತ ಹಾಕೋಕೊಂದು ಮತ! ಮೂರು ವರ್ಷದಿಂದ ಇದೇ ಕಡಲೆ ಅಗೀತಿದೀರಲ್ಲ, ಹಲ್ಲು ಸವೀಲಿಲ್ವಾ?"

ಅಷ್ಟರಲ್ಲಿ ಎದುರು ಪಕ್ಷದ ಹೆಂಗಸೊಬ್ಬಳು ಆಂಬುಲೆನ್ಸಿನ ಬಾಗಿಲಲ್ಲಿ ತಲೆ ಹಾಕಿದಳು. "ಇವರಿಗೆ ಜ್ಞಾನ ಇದೆಯಾ?"

"ಒಳಗೆ ಕೂತಿರೋರಿಗಿಂತ ಜಾಸ್ತಿನೇ ಇದೆ," ಎಂದಳು ಹಿಲ್ಡಾ.

ಕ್ಲೆಮೆಂಟ್ ಸಣ್ಣಗೆ ನಕ್ಕ. "ಪಕ್ಷ ಹೇಳಿದ ಹಾಗೆ, ಬೇಡ ಅಂತ ಬರ್ಕೊಳಮ್ಮ."

ಸ್ವಲ್ಪ ಹೊತ್ತಿಗೆ ಲಾಂಗ್ಲಿ ಮದುವೆ ಗಂಡಿನಂತೆ ಅರಳಿದ ಮುಖ ಹೊತ್ತು ಓಡಿಬಂದ. "ಸಮಸಮ ಆಯ್ತು! ಹಾಗಾದ್ರೆ ಇದ್ದದ್ದು ಇದ್ದ ಹಾಗೇ ಇರಲಿ ಅಂತಾರೆ ಸಭಾಧ್ಯಕ್ಷರು, ಅದು ಪದ್ಧತಿ. ಎಲ್ಲಾ ನಿಮ್ಮ ಒಂದು ಮತದಿಂದ!"

"ಅಂದ್ರೆ ಇವನು ಬರದೇ ಇದ್ದಿದ್ರೆ ಏನೋ ಒಂದು ತೀರ್ಮಾನ ಆಗ್ತಿತ್ತು?"

"ಹೌದು, ಆಗಿಬಿಡ್ತಿತ್ತು!"

"ಬಂದಿದ್ದಕ್ಕೆ ಏನೂ ಆಗ್ಲಿಲ್ಲ."

"ಅದೇ ನಮ್ಮ ಗೆಲುವು, ಮೇಡಂ. ಸ್ವಲ್ಪ ತಾಳಿ, ಇನ್ನೊಂದು ಮತ ಇದೆ."

ಮತಕ್ಕೆ ಕರೆಯುವ ಗಂಟೆ ಒಳಗೆ ಮತ್ತೆ ಬಡಿಯಿತು. ಹಿಲ್ಡಾ ಗಂಡನ ಕೈ ಹಿಡಿದುಕೊಂಡಳು. ತಣ್ಣಗಿತ್ತು. ಊರೂರಿನ ಸಂತೆಯಲ್ಲಿ ನಿಂತು ಒಕ್ಕೂಟದಿಂದ "ಹೊರಡೋಣ, ಹೊರಡೋಣ" ಎಂದು ಗಂಟಲು ಹರಿದುಕೊಂಡವನು ಇವನು.

"ನೀನೇ ಹೇಳು, ಕ್ಲೆಮೆಂಟ್. ಇರೋಣವಾ?"

ಅವನು ತೆರೆದ ಬಾಗಿಲಾಚೆಯ ಬೆಳಕು ನೋಡಿದ. "ಕತ್ತಲಾದ್ರೆ ಸಮುದ್ರ ಕಾಣಲ್ಲ," ಎಂದ.

ಹಿಲ್ಡಾ ಬಾಗಿಲೆಳೆದುಕೊಂಡಳು.

"ಹೊರಡೋಕೆ ಒಪ್ಪಂದ ಆಯ್ತಾ, ಅಮ್ಮಾ?" ಡ್ರೈವರ್ ಡೆಸ್ಮಂಡ್ ಮುಂದಿನಿಂದ ಕೇಳಿದ.

"ಒಪ್ಪಂದ ಗಿಪ್ಪಂದ ಬೇಡಪ್ಪ. ಗೇಟು ತೆಗೆದಿದೆ, ನಡಿ."

ಲಾಂಗ್ಲಿ ಗಾಜು ಬಡಿಯುತ್ತ ಪಕ್ಕದಲ್ಲೇ ಓಡಿದ. "ಅಯ್ಯೋ, ಹೀಗೆ ಹೊರಟುಬಿಟ್ರೆ ಹೇಗೆ?"

"ಹೊರಡೋದು ಅಂದ್ರೆ ಹೀಗೇನೇ ಕಣೋ," ಎಂದ ಕ್ಲೆಮೆಂಟ್, ಮಲಗಿದಲ್ಲಿಂದಲೇ.