ನೀಲಿ ಶಾಯಿಯ ಮನೆ

ಆ ಕಚೇರಿಯ ಕಟ್ಟಳೆ ಬಲು ಸರಳ: ಮಿತ್ರರ ನಾಡಿಗೆ ನೀಲಿ ಶಾಯಿ, ಶತ್ರುಗಳ ನಾಡಿಗೆ ಕೆಂಪು. ಇಪ್ಪತ್ತೆರಡು ವರ್ಷ ಅದೇ ಮೇಜಿಗೆ ಬೆನ್ನು ಬಗ್ಗಿಸಿದ್ದ ನಕ್ಷೆಗಾರ, ಕೆಲಸ ಶುರುಮಾಡುವ ಮುಂಚೆ ದೇವರನ್ನು ನೆನೆದು ಹಾಳೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವತ್ತೂ ಒತ್ತಿಕೊಂಡ. ತಲೆಬರಹ ಓದಿದವನೇ ಕಕ್ಕಾಬಿಕ್ಕಿಯಾದ. ನದಿಯಾಚೆಯ ನಾಡು! ಈ ಯುದ್ಧದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ನಾಡು. ತಾನು ಮಗಳನ್ನು ಕೊಟ್ಟ ನಾಡು.

“ಸಾಹೇಬ್ರೇ, ಇದಕ್ಕೆ ಯಾವ ಶಾಯಿ?”

“ಪೆನ್ಸಿಲ್ಲಲ್ಲಿ ಬರಿ,” ಅಂದರು ಸಾಹೇಬರು, ಬಾಗಿಲು ಮುಚ್ಚುತ್ತಾ. ಪಕ್ಕದ ಸಭಾಂಗಣದಲ್ಲಿ ಅದೇ ನಾಡಿನ ರಾಯಭಾರಿ ಸ್ನೇಹದ ಒಪ್ಪಂದಕ್ಕೆ ರುಜು ಹಾಕಿ ಜೋರಾಗಿ ನಗುತ್ತಿದ್ದ.

“ಅವರು ನಮ್ಮೋರಲ್ವಾ?”

“ಇವತ್ತು ನಮ್ಮೋರು. ಯುದ್ಧ ಮುಗಿದ ಮೇಲೆ ಹೇಗೋ, ಯಾರು ಕಂಡೋರು? ನೀನು ಸೇತುವೆ ಗುರುತು ಮಾಡು. ಒಡೆಯೋದು ಬಿಡೋದು ಮೇಲಿನೋರಿಗೆ ಸೇರಿದ್ದು.”

ನಕ್ಷೆಗಾರ ಹಾಳೆಯ ಜೊತೆಗಿದ್ದ ಗುಪ್ತ ವರದಿಯನ್ನು ಬಿಡಿಸಿ ಓದಿದ. ‘ಸೇತುವೆ ಹಳೇ ಗಿರಣಿಯ ಹಿಂದೆ. ಲಾರಿ ಹೋದರೆ ಹಲಗೆ ಗಡಗಡ ಅಂದು ಪಕ್ಕದ ಮನೆಯ ತೊಟ್ಟಿಲ ಕೂಸು ಎದ್ದುಬಿಡುತ್ತದೆ. ಹೇಳಿದವನು: ನಂಬತಕ್ಕವನು.’

ಮೊಮ್ಮಗನನ್ನು ನೋಡಿ ಬಂದ ಸಡಗರದಲ್ಲಿ, ಚಹಾ ಕುಡಿಯುತ್ತಾ ಕಚೇರಿಯವರೆಲ್ಲರ ಮುಂದೆ ತಾನೇ ಕೊಚ್ಚಿಕೊಂಡಿದ್ದ ಮಾತು! ಆ ನಂಬತಕ್ಕವನು ತಾನೇ.

ಬರೆಯದಿದ್ದರೆ ಅನ್ನ ಕೊಟ್ಟ ಕೆಲಸಕ್ಕೆ ದ್ರೋಹ, ಬರೆದರೆ ತೊಟ್ಟಿಲಿಗೆ. ‘ಬಂದುಬಿಡು ಮಗಳೇ’ ಎಂದು ಕಾಗದ ಹಾಕೋಣವೆಂದರೆ, ಊರಿನ ಕಾಗದಗಳನ್ನೆಲ್ಲ ಒಡೆದು ಓದುವವನು ಎದುರು ಮೇಜಿನಲ್ಲೇ ಕೂತಿದ್ದ. ‘ಭಗವಂತಾ, ಯಾವ ಕಡೆ ತಿರುಗಲಿ?’

ಪೆನ್ಸಿಲಿನಲ್ಲಿ ಸೇತುವೆಯನ್ನು ಇದ್ದಲ್ಲೇ ಬರೆದ. ಆಮೇಲೆ, ಯಾಕೆಂದು ತನಗೇ ತಿಳಿಯದೆ, ಲೇಖನಿಯನ್ನು ನೀಲಿ ಶಾಯಿಗೆ ಅದ್ದಿ ಸೇತುವೆಗೆ ಆತುಕೊಂಡಂತೆ ಒಂದು ಪುಟ್ಟ ಮನೆ ಬರೆದ.

ಸಾಹೇಬರು ನೋಡಿ ಹಣೆ ಚಚ್ಚಿಕೊಂಡರು. “ಇದೇನಯ್ಯಾ ನಿನ್ನ ಅವತಾರ? ನಂಬರು ಹಾಕಿದ ಹಾಳೆ, ಹರಿಯೋ ಹಾಗಿಲ್ಲ. ಶಾಯಿ, ಅಳಿಸೋ ಹಾಗಿಲ್ಲ!”

“ಮಿತ್ರರ ಮನೆ ಸಾಹೇಬ್ರೇ, ಕಟ್ಟಳೆ ಪ್ರಕಾರ ನೀಲಿ. ಅಲ್ಲಿ ನನ್ನ ಮಗಳಿದ್ದಾಳೆ. ಆ ತೊಟ್ಟಿಲು ನನ್ನ ಮೊಮ್ಮಗಂದು.”

ಸಾಹೇಬರು ಕುರ್ಚಿ ಎಳೆದುಕೊಂಡು ಕುಸಿದು ಕೂತರು. “ಈಗ ಇದನ್ನ ಮೇಲಕ್ಕೆ ಕಳಿಸ್ಲೋ, ಬೀರುವಿನಲ್ಲಿಡ್ಲೋ?” ಅಂದರು.

“ನನ್ನ ಕೇಳ್ತೀರಾ?”

“ಇನ್ಯಾರನ್ನ ಕೇಳ್ಲಿ? ನಂಬತಕ್ಕವನು ನೀನೇ ತಾನೆ?”

ಪಕ್ಕದ ಸಭಾಂಗಣದಲ್ಲಿ ಚಪ್ಪಾಳೆ ಮೊಳಗಿತು. ಶಾಯಿ ಇನ್ನೂ ಹಸಿಯಾಗಿತ್ತು. ನಕ್ಷೆಗಾರ ಬಾಗಿ ಮೆಲ್ಲಗೆ ಊದಿದ. ಸಾಹೇಬರು ಹಾಳೆಯ ತುದಿ ಹಾರದಂತೆ ಬೆರಳಿಟ್ಟು ಹಿಡಿದುಕೊಂಡರು.